ಕೆಂಪು ಸಾಲಿಗಿಂತ ಹಿಂದಿನ ಸಾಲುಗಳು

ಸ್ಟೋರೇಜ್ ಅಂದರೆ ಕಂಪನಿಗಳ ಡೇಟಾ ಇಡುವ, ಡಿಸ್ಕ್ ತುಂಬಿದ ಡಬ್ಬ. ತನ್ನಲ್ಲಿ ಏನೇನಾಯಿತು ಅಂತ ಅದು ಬರೆದುಕೊಳ್ಳುವ ಪಟ್ಟಿಯೇ ಇವೆಂಟ್ ಲಾಗ್. ಅದನ್ನು ತೆರೆದ ಕೂಡಲೇ ಎಲ್ಲರ ಕಣ್ಣು ಹೋಗುವುದು ಕೆಂಪು ಬಣ್ಣದ ಸಾಲಿಗೆ. ಅಲ್ಲೇ ನಿಂತುಬಿಡುತ್ತಾರೆ. ಡಿಸ್ಕ್ ಫೇಲ್ ಅಂತ ಬರೆದಿದೆಯಾ? ಡಿಸ್ಕ್ ಬದಲಿಸು, ಟಿಕೆಟ್ (ದೂರಿನ ದಾಖಲೆ) ಮುಚ್ಚು. ಹೊಸದಾಗಿ ಸೇರಿದ ಹುಡುಗರು ಮಾತ್ರ ಅಲ್ಲ, ವರ್ಷಗಟ್ಟಲೆ ಈ ಕೆಲಸದಲ್ಲಿ ಇದ್ದವರೂ ಹೀಗೇ ಮಾಡುವುದನ್ನು ನೋಡಿದ್ದೇನೆ. ನನಗೆ ಇದು ಸರಿ ಕಾಣುವುದಿಲ್ಲ. ಕೆಂಪು ಸಾಲು ಬರುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಯಾಕೆ ಆಯಿತು ಅನ್ನುವುದು ಅದಕ್ಕಿಂತ ಹಿಂದಿನ, ಬಣ್ಣವಿಲ್ಲದ, ಯಾರೂ ಓದದ ಸಾಲುಗಳಲ್ಲಿ ಇರುತ್ತದೆ.

ನಾನು ಶಿರಸಿ ಕಡೆಯವಳು. ಮನೆ ಥಾಣೆಯಲ್ಲಿ, ಕೆಲಸ ನವಿ ಮುಂಬೈಯ ಐರೋಲಿಯಲ್ಲಿ. ಥಾಣೆಯಿಂದ ವಾಶಿಗೆ ಹೋಗುವ ಲೋಕಲ್ ಹಿಡಿದರೆ ಐರೋಲಿ, ರಬಾಳೆ, ಘನ್ಸೋಲಿ ಒಂದರ ಹಿಂದೆ ಒಂದು ಬರುತ್ತವೆ. ಒಂದು ಕಾಲಕ್ಕೆ ಕೆಮಿಕಲ್ ಫ್ಯಾಕ್ಟರಿಗಳೇ ತುಂಬಿದ್ದ ಪಟ್ಟಿ ಇದು. ಈಗ ಐರೋಲಿ, ರಬಾಳೆ, ಮಹಾಪೆ ಅಂದರೆ ಡೇಟಾ ಸೆಂಟರ್. ಈ ಕಟ್ಟಡಗಳ ನೈಟ್ ಶಿಫ್ಟ್‌ನಲ್ಲಿ ಕನ್ನಡದ ಹುಡುಗರು ಜಾಸ್ತಿ. ಬೆಳಗಾವಿ, ಗೋಕಾಕ, ಕಲಬುರಗಿ ಕಡೆಯಿಂದ ಡಿಪ್ಲೊಮಾ ಮುಗಿಸಿ ಬರುತ್ತಾರೆ. ಮೊದಲ ವಾರದಲ್ಲೇ ಅವರ ಕೈಗೆ ಒಂದು ಲಾಗಿನ್ ಸಿಗುತ್ತದೆ. ಪರದೆ ತುಂಬ ಸಾವಿರಾರು ಸಾಲು. ಹೇಗೆ ಓದಬೇಕು ಅಂತ ಕೂತು ಹೇಳಿಕೊಡುವವರು ಕಡಿಮೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಸಾಲಿನಲ್ಲಿ ಏನೇನಿದೆ ನೋಡೋಣ. ಕಂಪನಿ ಯಾವುದೇ ಇರಲಿ, ಸಾಮಾನ್ಯವಾಗಿ ಇವು ಇದ್ದೇ ಇರುತ್ತವೆ: ಕ್ರಮಸಂಖ್ಯೆ, ದಿನಾಂಕ ಮತ್ತು ಸಮಯ, ತೀವ್ರತೆ, ಯಾವ ಭಾಗ, ಆ ಭಾಗ ಎಲ್ಲಿದೆ, ಬರೆದ ಕಂಟ್ರೋಲರ್ (ಡಿಸ್ಕ್‌ಗಳನ್ನು ನಡೆಸುವ ಒಳಗಿನ ಕಂಪ್ಯೂಟರ್) ಯಾವುದು, ಕೊನೆಗೆ ವಿವರಣೆ. ಹೆಚ್ಚಿನವರು ಓದುವುದು ತೀವ್ರತೆ ಮತ್ತು ವಿವರಣೆ ಎರಡೇ. ನಾನು ಮೊದಲು ನೋಡುವುದು ಕ್ರಮಸಂಖ್ಯೆ, ಆಮೇಲೆ ಬರೆದ ಕಂಟ್ರೋಲರ್ ಯಾವುದು ಅನ್ನುವುದು.

ಕ್ರಮಸಂಖ್ಯೆ ಯಾಕೆ ಅಂದರೆ, ಸ್ಟೋರೇಜ್‌ನಲ್ಲಿ ಕಂಟ್ರೋಲರ್ ಎರಡಿರುತ್ತವೆ. ಎರಡಕ್ಕೂ ಬೇರೆ ಬೇರೆ ಗಡಿಯಾರ. ಅವು ಒಂದಕ್ಕೊಂದು ಹೊಂದಿಕೊಂಡಿಲ್ಲ ಅಂದರೆ ಸಮಯದ ಪ್ರಕಾರ ಜೋಡಿಸಿದ ಲಾಗ್ ಸುಳ್ಳು ಹೇಳುತ್ತದೆ. ಡಿಸ್ಕ್ ಹಾಳಾಗುವ ಮೊದಲೇ ಹೊಸ ಡಿಸ್ಕ್ ಹಾಕಿದ ಹಾಗೆ ಕಾಣುತ್ತದೆ. ಕೇಬಲ್ ಕಿತ್ತು ಬರುವ ಮೊದಲೇ ದಾರಿ ಬದಲಾದ ಹಾಗೆ ಕಾಣುತ್ತದೆ. ನೆಟ್‌ಆಪ್ ಕಂಪನಿಯ ಇ-ಸೀರೀಸ್ ಸ್ಟೋರೇಜ್‌ನಲ್ಲಿ ಲಾಗ್ ಮೊದಲಿಗೆ ಕ್ರಮಸಂಖ್ಯೆಯ ಪ್ರಕಾರವೇ ಜೋಡಣೆಯಾಗಿ ತೆರೆದುಕೊಳ್ಳುವುದು ಇದಕ್ಕೇ. ಆದರೆ ನಮ್ಮವರು ಸುಮ್ನೆ ಸಮಯದ ಕಾಲಮ್ ಮೇಲೆ ಕ್ಲಿಕ್ ಮಾಡಿ ಅದನ್ನು ಕಲಸಿಬಿಡುತ್ತಾರೆ. ಹಾಗೆ ಮಾಡಬೇಡಿ.

ಸಮಯದ್ದು ಇನ್ನೊಂದು ಗೋಳಿದೆ. ಎಷ್ಟೋ ಡಬ್ಬಗಳು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ, ಬರೆಯುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಐದು ಗಂಟೆ ಆಗಿದ್ದರೆ ತಲೆಯಲ್ಲೇ ಕೂಡಿಬಿಡಬಹುದಿತ್ತು, ಆ ಅರ್ಧ ಗಂಟೆ ಗೊಂದಲ ಮಾಡುತ್ತದೆ. ಅದಕ್ಕಿಂತ ಮುಖ್ಯ ತಾರೀಖು. ಯುಟಿಸಿ 18:30 ಆದರೆ ನಮಗೆ ಮಧ್ಯರಾತ್ರಿ, ಅಂದರೆ ಮರುದಿನ ಶುರು. ಲಾಗ್‌ನಲ್ಲಿ ಜುಲೈ 2ರ 19:10 ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ ಅದು ಜುಲೈ 3ರ ರಾತ್ರಿ 12:40. ರಾತ್ರಿ ಬ್ಯಾಕಪ್ ಶುರುವಾಗುವ ಹೊತ್ತು. ಕಸ್ಟಮರ್ 3ನೇ ತಾರೀಖು ಬ್ಯಾಕಪ್ ಕೆಟ್ಟಿತು ಅನ್ನುತ್ತಾರೆ, ಇಂಜಿನಿಯರ್ 3ನೇ ತಾರೀಖಿನ ಸಾಲುಗಳನ್ನು ಮಾತ್ರ ಸೋಸಿ ನೋಡುತ್ತಾನೆ, ಏನೂ ಇಲ್ಲ ಅಂತ ಬರೆದು ಕಳಿಸುತ್ತಾನೆ. ಕಸ್ಟಮರ್ ಹೇಳಿದ್ದೂ ನಿಜ, ಲಾಗ್ ಹೇಳಿದ್ದೂ ನಿಜ. ನಡುವೆ ಉತ್ತರ ಮಾತ್ರ ತಪ್ಪಿಹೋಯಿತು.

ಸರ್ವರ್ ಒಳಗಿನ ರೇಡ್ ಕಾರ್ಡ್‌ಗಳಲ್ಲಿ (ಹಲವು ಡಿಸ್ಕ್‌ಗಳನ್ನು ಒಂದು ಗುಂಪಾಗಿ ನಡೆಸುವ ಕಾರ್ಡ್) ಇನ್ನೊಂದು ವಿಚಿತ್ರ. ಮೆಗಾರೇಡ್ ಕಾರ್ಡಿನ ಲಾಗ್ ಇಳಿಸಿಕೊಂಡರೆ ಕೆಲವು ಸಾಲುಗಳಲ್ಲಿ ಗಂಟೆ, ತಾರೀಖು ಇರುವುದೇ ಇಲ್ಲ. ಅದರ ಬದಲು ಕಳೆದ ರೀಬೂಟ್ ಆಗಿ ಇಷ್ಟು ಸೆಕೆಂಡ್ ಆಯಿತು ಅಂತ ಇರುತ್ತದೆ. ಸರ್ವರ್ ಇನ್ನೂ ಪೂರ್ತಿ ಎದ್ದಿಲ್ಲ, ಸಮಯ ಎಷ್ಟು ಅಂತ ಕಾರ್ಡಿಗೆ ಯಾರೂ ಹೇಳಿಲ್ಲ, ಅದಕ್ಕೇ ಹೀಗೆ. ಆ ಸಾಲುಗಳನ್ನು ಬೇಡದವು ಅಂತ ತೆಗೆದುಹಾಕುವವರಿದ್ದಾರೆ. ಆದರೆ ಬೂಟ್ ಆಗುವಾಗ ಯಾವ ಡಿಸ್ಕ್ ತಡವಾಗಿ ಎದ್ದಿತು, ಯಾವುದು ಕಾಣಲೇ ಇಲ್ಲ ಅನ್ನುವುದು ಅಲ್ಲೇ ಇರುತ್ತದೆ. ಅದರ ನಂತರ ಬರುವ ಮೊದಲ ಸರಿಯಾದ ಗಂಟೆಯನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕಿದರೆ ಎಲ್ಲ ಸರಿಯಾಗಿ ಕೂರುತ್ತದೆ.

ಈಗ ತೀವ್ರತೆ. ಇದು ಬಂದದ್ದು ಹೆಚ್ಚಾಗಿ ಸಿಸ್‌ಲಾಗ್‌ನಿಂದ. 1980ರ ದಶಕದಲ್ಲಿ ಎರಿಕ್ ಆಲ್‌ಮನ್ ಎಂಬವರು ಸೆಂಡ್‌ಮೇಲ್ ಎಂಬ ಇಮೇಲ್ ಸಾಫ್ಟ್‌ವೇರ್‌ಗಾಗಿ ಮಾಡಿದ, ಲಾಗ್ ಬರೆದು ಕಳಿಸುವ ಏರ್ಪಾಡು ಅದು. ಆಮೇಲೆ ಎಲ್ಲರೂ ಬಳಸತೊಡಗಿದರು. 2009ರಲ್ಲಿ ಆರ್‌ಎಫ್‌ಸಿ 5424 ಅನ್ನುವ ಮಾನದಂಡ ಬಂತು. ಅದರಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟ. 0 ಅಂದರೆ ಎಮರ್ಜೆನ್ಸಿ, 7 ಅಂದರೆ ಡೀಬಗ್. ಅಂಕಿ ಚಿಕ್ಕದಾದಷ್ಟೂ ಅಪಾಯ ಜಾಸ್ತಿ. ನೆಟ್‌ಆಪ್‌ನ ಆನ್‌ಟ್ಯಾಪ್, ಐಬಿಎಂ, ಎಚ್‌ಪಿಇ ಎಲ್ಲರೂ ತಮ್ಮ ತಮ್ಮ ಹೆಸರು ಇಟ್ಟುಕೊಂಡಿದ್ದಾರೆ, ಆದರೆ ಯೋಚನೆ ಇದೇ.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇರಲಿ. ಆ ಮಟ್ಟವನ್ನು ಬರೆದವನು ಸಾಫ್ಟ್‌ವೇರ್ ಮಾಡಿದವನು. ನಿಮ್ಮ ರ‍್ಯಾಕ್ ಅವನು ನೋಡಿಲ್ಲ. ನಿಮ್ಮ ಬ್ಯಾಂಕಿನ ತಿಂಗಳ ಕೊನೆಯ ಲೆಕ್ಕ ಅವನಿಗೆ ಗೊತ್ತಿಲ್ಲ. ಮಾಹಿತಿ ಅಂತ ಅವನು ಗುರುತು ಹಾಕಿದ ಸಾಲು ನಿಮಗೆ ದೊಡ್ಡ ತೊಂದರೆ ಆಗಿರಬಹುದು.

ಒಂದು ಉದಾಹರಣೆ ಕೊಡುತ್ತೇನೆ. ಥಾಣೆಯ ವಾಗ್ಳೆ ಎಸ್ಟೇಟ್‌ನ ಒಂದು ಆಫೀಸಿನಲ್ಲಿ ಆಗಾಗ ಇದ್ದಕ್ಕಿದ್ದಂತೆ ಅಕೌಂಟಿಂಗ್ ಸಾಫ್ಟ್‌ವೇರ್ ನಿಧಾನ ಆಗುತ್ತಿತ್ತು. ಒಂದಷ್ಟು ಗಂಟೆ ಕಷ್ಟ, ಆಮೇಲೆ ತಾನಾಗಿಯೇ ಸರಿ. ನೆಟ್‌ವರ್ಕ್‌ನವರ ಮೇಲೆ ಬೈಗುಳ, ಆಂಟಿವೈರಸ್ ಮೇಲೆ ಅನುಮಾನ. ಸ್ಟೋರೇಜ್ ಲಾಗ್‌ನಲ್ಲಿ ಕೆಂಪು ಸಾಲು ಒಂದೂ ಇರಲಿಲ್ಲ, ಹಾಗಾಗಿ ಸ್ಟೋರೇಜ್ ಸರಿಯಿದೆ ಅಂತ ಬಿಟ್ಟಿದ್ದರು. ಮಾಹಿತಿ ಮಟ್ಟದ ಸಾಲುಗಳನ್ನೂ ತೆರೆದು ನೋಡಿದಾಗ ಉತ್ತರ ಕಣ್ಣೆದುರಿಗೇ ಇತ್ತು. ಕಂಟ್ರೋಲರ್‌ನ ಬ್ಯಾಟರಿ ಲರ್ನ್ ಸೈಕಲ್ ಶುರು. ಅದರ ಹಿಂದೆಯೇ, ಕ್ಯಾಶ್ ರೈಟ್-ಬ್ಯಾಕ್‌ನಿಂದ ರೈಟ್-ಥ್ರೂಗೆ ಬದಲಾಗಿದೆ.

ಏನಿದು ಅಂದರೆ, ಕಂಟ್ರೋಲರ್ ಬರೆಯಬೇಕಾದ ಡೇಟಾವನ್ನು ಮೊದಲು ತನ್ನ ಮೆಮೊರಿಯಲ್ಲಿ (ಇದೇ ಕ್ಯಾಶ್) ಇಟ್ಟುಕೊಂಡು ಆಯಿತು ಅಂತ ಹೇಳಿಬಿಡುತ್ತದೆ. ಆಮೇಲೆ ನಿಧಾನಕ್ಕೆ ಡಿಸ್ಕಿಗೆ ಬರೆಯುತ್ತದೆ. ಇದು ರೈಟ್-ಬ್ಯಾಕ್. ಕರೆಂಟ್ ಹೋದರೆ ಆ ಮೆಮೊರಿ ಉಳಿಸುವುದಕ್ಕೆ ಒಂದು ಬ್ಯಾಟರಿ ಇದೆ. ಬ್ಯಾಟರಿಗೆ ಎಷ್ಟು ತ್ರಾಣ ಉಳಿದಿದೆ ಅಂತ ತಿಳಿಯಲು ಹಳೆಯ ಕಂಟ್ರೋಲರ್‌ಗಳು ಆಗಾಗ ಅದನ್ನು ಖಾಲಿ ಮಾಡಿ ಮತ್ತೆ ತುಂಬುತ್ತವೆ. ಅಷ್ಟು ಹೊತ್ತು ಬ್ಯಾಟರಿಯನ್ನು ನಂಬುವಂತಿಲ್ಲ. ಹಾಗಾಗಿ ಕಂಟ್ರೋಲರ್ ಪ್ರತಿ ಬರಹವನ್ನೂ ನೇರ ಡಿಸ್ಕಿಗೆ ಬರೆದ ಮೇಲೆಯೇ ಆಯಿತು ಅನ್ನುತ್ತದೆ. ಇದು ರೈಟ್-ಥ್ರೂ. ಡೇಟಾ ಪೂರ್ತಿ ಸುರಕ್ಷಿತ, ವೇಗ ಮಾತ್ರ ಕುಸಿಯುತ್ತದೆ. ಯಂತ್ರದ ದೃಷ್ಟಿಯಲ್ಲಿ ಏನೂ ಕೆಟ್ಟಿಲ್ಲ, ಹಾಗಾಗಿ ಬರೀ ಮಾಹಿತಿ. ಲರ್ನ್ ಸೈಕಲ್ ಸಮಯವನ್ನು ಭಾನುವಾರ ಬೆಳಗಿನ ಜಾವಕ್ಕೆ ಹಾಕಿದೆವು, ದೂರು ನಿಂತಿತು. ಈಗಿನ ಕಂಟ್ರೋಲರ್‌ಗಳಲ್ಲಿ ಫ್ಲ್ಯಾಶ್ ಮತ್ತು ಸೂಪರ್ ಕೆಪಾಸಿಟರ್ ಬಂದ ಮೇಲೆ ಈ ಕಾಟ ಕಡಿಮೆ. ಆದರೆ ಮುಂಬೈಯಲ್ಲಿ ಹಳೆಯ ಡಬ್ಬಗಳು ಇನ್ನೂ ಎಷ್ಟೋ ಓಡುತ್ತಿವೆ.

ಈಗ ನಾನು ನಿಜವಾಗಿ ಹೇಳಬೇಕಾದ ಕಥೆಗೆ ಬರುತ್ತೇನೆ.

ಒಬ್ಬ ಕಸ್ಟಮರ್ ಹತ್ತಿರ ಎರಡು ಕಂಟ್ರೋಲರ್‌ನ ಸ್ಟೋರೇಜ್, ಅದರ ಕೆಳಗೆ ಡಿಸ್ಕ್ ತುಂಬಿದ ಶೆಲ್ಫ್‌ಗಳು. ರೇಡ್ 6, ಅಂದರೆ ಒಂದು ಗುಂಪಿನಲ್ಲಿ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುತ್ತದೆ. ಎರಡನೇ ಶೆಲ್ಫ್‌ನಲ್ಲಿ ಒಂದು ಡಿಸ್ಕ್ ಫೇಲ್ ಅಂತ ಕೆಂಪು ಸಾಲು ಬಂತು. ಸಪೋರ್ಟ್‌ನವರು ಹೊಸ ಡಿಸ್ಕ್ ಕಳಿಸಿದರು, ಬದಲಾಯಿತು, ರೀಬಿಲ್ಡ್ ಆಯಿತು, ಅಂದರೆ ಹಳೆಯದರ ಡೇಟಾ ಹೊಸ ಡಿಸ್ಕ್‌ನಲ್ಲಿ ಮತ್ತೆ ಕಟ್ಟಿಕೊಂಡಿತು. ಕೆಲವೇ ದಿನಕ್ಕೆ ಅದೇ ಶೆಲ್ಫ್‌ನಲ್ಲಿ ಇನ್ನೊಂದು ಡಿಸ್ಕ್ ಫೇಲ್. ಅದಕ್ಕೂ ಹೊಸ ಡಿಸ್ಕ್ ಬರುತ್ತಿತ್ತು. ಆಗಲೇ ಮೂರನೆಯ ಡಿಸ್ಕ್ ಮೇಲೆ ಎಚ್ಚರಿಕೆ ಬಂತು. ಬ್ಯಾಚೇ ಕೆಟ್ಟದು, ಮೂರನೆಯದನ್ನೂ ಈಗಲೇ ಎಳೆದುಬಿಡೋಣ ಅಂತ ಕಾಲ್‌ನಲ್ಲಿ ಇದ್ದವರೆಲ್ಲ ಹೇಳುತ್ತಿದ್ದರು.

ಸ್ವಲ್ಪ ಯೋಚನೆ ಮಾಡಿ. ಒಂದು ಡಿಸ್ಕ್ ಆಗಲೇ ಹೊರಗೆ. ಇನ್ನೊಂದನ್ನು ಎಳೆದರೆ ಎರಡು. ಆಮೇಲೆ ಇನ್ನೊಂದು ಹೋದರೆ ಪೂರ್ತಿ ಗುಂಪೇ ಹೋಯಿತು. ಅವು 8 ಟೆರಾಬೈಟ್ ಡಿಸ್ಕ್‌ಗಳು. ಸೆಕೆಂಡಿಗೆ 200 ಮೆಗಾಬೈಟ್ ವೇಗದಲ್ಲಿ ನಿಲ್ಲದೆ ಬರೆದರೂ ಒಂದು ಡಿಸ್ಕ್ ತುಂಬಲು 11 ಗಂಟೆ ಬೇಕು. ಕೆಲಸದ ನಡುವೆ ಆ ವೇಗ ಸಿಗುವುದಿಲ್ಲ, ಅದಕ್ಕಿಂತ ಎಷ್ಟೋ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಆ ಡೇಟಾ ದಾರದ ಮೇಲೆ ತೂಗುತ್ತಿರುತ್ತದೆ.

ನಮ್ಮ ತಂಡದಲ್ಲಿ ಗೋಕಾಕ ಕಡೆಯ ಒಬ್ಬ ಹುಡುಗ ಇದ್ದಾನೆ. ಮಾತು ಕಡಿಮೆ, ಕಣ್ಣು ಚುರುಕು. ಕಾಲ್‌ನಲ್ಲಿ ಗದ್ದಲ ನಡೆಯುತ್ತಿದ್ದಾಗ ಅವನು ತನ್ನ ಪಾಡಿಗೆ ಪೂರ್ತಿ ಲಾಗ್ ಇಳಿಸಿಕೊಂಡು, ಆ ಶೆಲ್ಫ್‌ನ ಸಾಲುಗಳನ್ನಷ್ಟೇ ಬೇರೆ ಮಾಡಿ, ಬರೆದ ಕಂಟ್ರೋಲರ್ ಯಾವುದು ಅನ್ನುವ ಕಾಲಮ್ ಪ್ರಕಾರ ಜೋಡಿಸಿದ. ನನ್ನ ಕಡೆ ತಿರುಗಿ ಹೇಳಿದ: "ಅಕ್ಕಾರ, ಎಲ್ಲಾ ಬಿ ಕಡೆಯಿಂದನ ಬರಾಕತ್ತಾವ ನೋಡ್ರಿ. ಎ ಕಡೆ ಒಂದೂ ಇಲ್ರೀ."

ನಾನು ಬಗ್ಗಿ ನೋಡಿದೆ. ಹೌದು. ಮೂರು ಡಿಸ್ಕ್ ಅಷ್ಟೇ ಅಲ್ಲ, ಆ ಶೆಲ್ಫ್‌ನ ಬೇರೆ ಬೇರೆ ಸ್ಲಾಟ್‌ಗಳ ಹೆಸರಲ್ಲೂ ಚಿಕ್ಕ ಚಿಕ್ಕ ಸಾಲು ಬಿದ್ದಿದ್ದವು. ಯಾವುದೂ ಕೆಂಪಲ್ಲ. ಕಮಾಂಡ್ ಟೈಮ್‌ಔಟ್, ಮತ್ತೆ ಪ್ರಯತ್ನಿಸಿ ಸರಿಹೋಯಿತು, ಇಂಥವು. ಎಷ್ಟೋ ಸಾಲುಗಳು ಒಂದೇ ಸೆಕೆಂಡಿನಲ್ಲಿ, ನಾಲ್ಕೈದು ಡಿಸ್ಕ್ ಹೆಸರಲ್ಲಿ. ಎಲ್ಲ ಬರೆದದ್ದು ಕಂಟ್ರೋಲರ್ ಬಿ.

ಇದರ ಅರ್ಥ ತಿಳಿಯಲು ಒಳಗೆ ತಂತಿ ಹೇಗಿದೆ ಅಂತ ಗೊತ್ತಿರಬೇಕು. ಇಂಥ ಸ್ಟೋರೇಜ್‌ಗಳಲ್ಲಿ ಬಳಸುವ ಸ್ಯಾಸ್ ಬಗೆಯ ಡಿಸ್ಕಿಗೆ ಎರಡು ಪೋರ್ಟ್. ಒಂದು ಪೋರ್ಟಿಗೆ ಕಂಟ್ರೋಲರ್ ಎ ಬರುತ್ತದೆ, ಶೆಲ್ಫ್‌ನ ಎ ಮಾಡ್ಯೂಲ್ ಮೂಲಕ. ಇನ್ನೊಂದಕ್ಕೆ ಬಿ ಬರುತ್ತದೆ, ಬಿ ಮಾಡ್ಯೂಲ್ ಮೂಲಕ. ದಾರಿ ಎರಡು, ಡಿಸ್ಕ್ ಒಂದೇ. ಡಿಸ್ಕ್‌ನ ತಟ್ಟೆಯೇ ಕೆಟ್ಟಿದ್ದರೆ ಯಾವ ದಾರಿಯಲ್ಲಿ ಬಂದರೂ ಓದಲು ಆಗುವುದಿಲ್ಲ, ಎರಡೂ ಕಂಟ್ರೋಲರ್ ದೂರು ಬರೆಯುತ್ತವೆ. ಒಂದೇ ಕಡೆಯಿಂದ ದೂರು, ಅದೂ ಒಂದೇ ಹೊತ್ತಿಗೆ ಹಲವು ಡಿಸ್ಕ್‌ಗಳ ಮೇಲೆ ದೂರು ಅಂದರೆ, ಕೆಟ್ಟಿರುವುದು ಆ ಕಡೆಯ ದಾರಿ. ಕೇಬಲ್, ಇಲ್ಲಾ ಮಾಡ್ಯೂಲ್, ಇಲ್ಲಾ ಕಂಟ್ರೋಲರ್‌ನ ಪೋರ್ಟ್.

ಸಾಲಿನ ಕೊನೆಯಲ್ಲಿ ಇನ್ನೊಂದು ಸಾಕ್ಷಿ ಇತ್ತು. ಸ್ಕಸಿ ಭಾಷೆಯಲ್ಲಿ ಮಾತಾಡುವ ಡಿಸ್ಕ್‌ಗಳು (ಸ್ಯಾಸ್ ಕೂಡ ಅದೇ) ತಪ್ಪಾದಾಗ ಮೂರು ಅಂಕಿ ಕೊಡುತ್ತವೆ. ಸೆನ್ಸ್ ಕೀ ಅಂತ ಮೊದಲನೆಯದು, ಅದರ ಮುಂದೆ ವಿವರಕ್ಕೆ ಎರಡು. ಇದನ್ನು ಬಾಯಿಪಾಠ ಮಾಡಬೇಕಿಲ್ಲ, ಆದರೆ ಕೆಲವನ್ನು ನೋಡಿದ ಕೂಡಲೇ ಗುರುತು ಹಿಡಿಯಬೇಕು. 3/11/00 ಅಂದರೆ ಮೀಡಿಯಂ ಎರರ್, ಡಿಸ್ಕ್ ತನ್ನ ಮೇಲಿನ ಒಂದು ಜಾಗ ಓದಲು ಆಗಲಿಲ್ಲ ಅನ್ನುತ್ತಿದೆ. ತಟ್ಟೆಯ ತೊಂದರೆ. 5ಡಿ/00 ಬಂದರೆ ಡಿಸ್ಕ್ ತಾನೇ ತನ್ನ ಆಯಸ್ಸು ಮುಗಿಯುತ್ತಿದೆ ಅನ್ನುತ್ತಿದೆ, ಬದಲಿಸುವುದೇ ಸರಿ. 6/29/00 ಅಂದರೆ ಈಗಷ್ಟೇ ರೀಸೆಟ್ ಆಯಿತು, ಅದೊಂದರಿಂದಲೇ ಗಾಬರಿ ಬೇಡ. ಬಿ/47/03 ಅಂದರೆ ಬೇರೆ ಸಂಗತಿ. ಇಲ್ಲಿ ಬಿ ಅನ್ನುವುದು ಕಂಟ್ರೋಲರ್ ಹೆಸರಲ್ಲ, ಕೆಲಸ ನಡುವೆಯೇ ನಿಂತಿತು ಅನ್ನುವ ಸಂಕೇತ. ಕಳಿಸಿದ್ದು ಒಂದು, ತಲುಪಿದ್ದು ಇನ್ನೊಂದು, ಡೇಟಾ ಸರಿಯಾಗಿ ತಲುಪಿತಾ ಅಂತ ನೋಡುವ ಸಿಆರ್‌ಸಿ ಲೆಕ್ಕ ತಾಳೆ ಆಗಲಿಲ್ಲ. ಇದು ದಾರಿಯಲ್ಲಿ ಕೆಟ್ಟದ್ದು. ನಮ್ಮ ಮುಂದಿದ್ದ ಸಾಲುಗಳಲ್ಲಿ 3/11/00 ಒಂದೂ ಇರಲಿಲ್ಲ. ಬರೀ ಟೈಮ್‌ಔಟ್ ಮತ್ತು ಬಿ/47/03.

"ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದಂಗಾತಲ್ರೀ ಅಕ್ಕಾರ" ಅಂದ ಹುಡುಗ. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಮೂರನೆಯ ಡಿಸ್ಕ್ ಎಳೆಯಬೇಡಿ ಅಂತ ಕಾಲ್‌ನಲ್ಲಿ ಹೇಳಿದೆ. ಸ್ವಲ್ಪ ವಾದ ಆಯಿತು. ಮಾಡ್ಯೂಲ್ ಬದಲಿಸೋಣ ಅಂತ ಒಬ್ಬರು, ಕಂಟ್ರೋಲರ್ ರೀಬೂಟ್ ಮಾಡೋಣ ಅಂತ ಇನ್ನೊಬ್ಬರು. ಒಂದು ಸಲಕ್ಕೆ ಒಂದೇ ವಸ್ತು ಮುಟ್ಟೋಣ, ಅಗ್ಗದ್ದು ಮೊದಲು ಅಂತ ನಾನು ಪಟ್ಟು ಹಿಡಿದೆ. ಸೈಟ್‌ನಲ್ಲಿದ್ದ ಇಂಜಿನಿಯರ್ ರ‍್ಯಾಕ್ ಹಿಂದೆ ಹೋಗಿ ಫೋಟೋ ಕಳಿಸಿದರು. ಬಿ ಕಡೆಯ ಸ್ಯಾಸ್ ಕೇಬಲ್ ರ‍್ಯಾಕ್ ಬಾಗಿಲಿನ ಅಂಚಿಗೆ ಸಿಕ್ಕು ಹೆಚ್ಚುಕಡಿಮೆ ಮಡಚಿಕೊಂಡೇ ಇತ್ತು. ಲಾಗ್‌ನಲ್ಲಿ ಹಿಂದಕ್ಕೆ ಹೋದರೆ ಮೊದಲ ಟೈಮ್‌ಔಟ್ ಬಿದ್ದದ್ದು ಅದೇ ರ‍್ಯಾಕ್‌ನಲ್ಲಿ ಪಕ್ಕದ ಸ್ವಿಚ್ ಬದಲಿಸಿದ ದಿನ. ಯಾರೋ ಬಾಗಿಲು ಒತ್ತಿ ಹಾಕಿದ್ದರು. ಕೇಬಲ್ ಬದಲಾಯಿತು. ಟೈಮ್‌ಔಟ್ ಸಾಲುಗಳು ಅಲ್ಲಿಗೇ ನಿಂತವು.

ಇದು ನಮ್ಮಲ್ಲಿ ಮಾತ್ರ ಆಗುವ ಸಂಗತಿ ಅಂದುಕೊಳ್ಳಬೇಡಿ. 2008ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಮತ್ತು ನೆಟ್‌ಆಪ್‌ನವರು ಸೇರಿ ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು 39,000 ಸ್ಟೋರೇಜ್ ಸಿಸ್ಟಮ್‌ಗಳು, 18 ಲಕ್ಷ ಡಿಸ್ಕ್‌ಗಳು, 44 ತಿಂಗಳ ಲಾಗ್. ಸ್ಟೋರೇಜ್ ತೊಂದರೆಗಳಲ್ಲಿ ಡಿಸ್ಕ್‌ನಿಂದ ಆದವು ಶೇಕಡಾ 20ರಿಂದ 55. ಕೇಬಲ್, ಶೆಲ್ಫ್‌ನಂಥ ಜೋಡಣೆಯ ಭಾಗಗಳಿಂದ ಆದವು ಶೇಕಡಾ 27ರಿಂದ 68. ಸಿಸ್ಟಮ್‌ನ ಜಾತಿಯ ಮೇಲೆ ಅಂಕಿ ಹೆಚ್ಚುಕಡಿಮೆ ಆಗುತ್ತದೆ. ನಾನು ಹೊಸಬರಿಗೆ ಈ ಅಂಕಿಗಳನ್ನು ತಪ್ಪದೆ ಹೇಳುತ್ತೇನೆ. ಡಿಸ್ಕ್ ಅಂತ ಲಾಗ್ ಹೇಳಿದರೆ, ಡಿಸ್ಕ್‌ವರೆಗಿನ ದಾರಿಯನ್ನೂ ನೋಡಬೇಕು.

ಹಾಗಂತ ಡಿಸ್ಕ್‌ನ ಸಣ್ಣ ದೂರುಗಳನ್ನು ಕಡೆಗಣಿಸಬಹುದಾ? ಖಂಡಿತ ಇಲ್ಲ. 2007ರಲ್ಲಿ ಗೂಗಲ್‌ನ ಪಿನ್ಹೇರೊ, ವೆಬರ್, ಬರೋಸೊ ಮೂವರು ತಮ್ಮ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳ ಲೆಕ್ಕ ಪ್ರಕಟಿಸಿದರು. ಒಂದು ಡಿಸ್ಕ್‌ನಲ್ಲಿ ಮೊದಲ ಸ್ಕ್ಯಾನ್ ಎರರ್ (ಡಿಸ್ಕ್ ತನ್ನನ್ನೇ ಓದಿ ನೋಡುವಾಗ ಸಿಗುವ ತಪ್ಪು) ಕಂಡ ಮೇಲೆ ಮುಂದಿನ 60 ದಿನದಲ್ಲಿ ಅದು ಸಾಯುವ ಸಾಧ್ಯತೆ ಅಂಥ ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು. ಅದೇ ಅಧ್ಯಯನದ ಇನ್ನೊಂದು ಮಾತು ನನ್ನನ್ನು ಹೆಚ್ಚು ಕಾಡುತ್ತದೆ. ಸತ್ತ ಡಿಸ್ಕ್‌ಗಳಲ್ಲಿ ಶೇಕಡಾ 56ಕ್ಕೂ ಹೆಚ್ಚಿನವು, ಅವರು ಗಟ್ಟಿ ಅಂದುಕೊಂಡಿದ್ದ ನಾಲ್ಕು ಸ್ಮಾರ್ಟ್ ಸೂಚನೆಗಳಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸೂಚನೆ) ಒಂದನ್ನೂ ಕೊಟ್ಟಿರಲಿಲ್ಲ. ಲಾಗ್ ಖಾಲಿ ಇದೆ ಅಂದರೆ ಎಲ್ಲ ಕ್ಷೇಮ ಅಂತ ಅಲ್ಲ. ಬ್ಯಾಕಪ್ ಯಾಕೆ ಬೇಕು, ರೇಡ್ ಇದೆಯಲ್ಲ ಅಂತ ಕೇಳುವ ಕಸ್ಟಮರ್‌ಗಳಿಗೆ ನಾನು ಇದನ್ನೇ ತೋರಿಸುವುದು.

ರಾತ್ರಿ ಹೊತ್ತು ನಡೆಯುವ ಮೀಡಿಯಾ ಸ್ಕ್ಯಾನ್, ಪ್ಯಾಟ್ರೋಲ್ ರೀಡ್ ಸಾಲುಗಳ ಬಗ್ಗೆ ಎರಡು ಮಾತು. ಸ್ಟೋರೇಜ್ ತಾನೇ ಎಲ್ಲ ಡಿಸ್ಕ್ ಓದಿಕೊಂಡು ಹೋಗಿ, ಓದಲಾಗದ ಜಾಗ ಸಿಕ್ಕರೆ ಉಳಿದ ಡಿಸ್ಕ್‌ಗಳಿಂದ ಲೆಕ್ಕ ಹಾಕಿ ಮತ್ತೆ ಬರೆಯುತ್ತದೆ. ಸರಿಪಡಿಸಿದೆ ಅಂತ ಒಂದು ಸಾಲು ಬೀಳುತ್ತದೆ. ಎಲ್ಲೋ ಒಂದು ಬಂದರೆ ಚಿಂತೆ ಇಲ್ಲ. ಒಂದೇ ಡಿಸ್ಕ್ ಹೆಸರು ವಾರದಿಂದ ವಾರಕ್ಕೆ ಜಾಸ್ತಿ ಕಾಣುತ್ತಿದ್ದರೆ ಕೆಂಪು ಸಾಲಿಗೆ ಕಾಯದೆ ಬದಲಿಸಿ. ಉಳಿದ ಡಿಸ್ಕ್ ಎಲ್ಲ ಚೆನ್ನಾಗಿ ಇರುವಾಗ ಬದಲಿಸುವುದೇ ಒಳ್ಳೆಯದು.

ಲಾಗ್ ಎಷ್ಟು ದೂರ ನೋಡುತ್ತದೆ ಅನ್ನುವುದಕ್ಕೆ ಇನ್ನೊಂದು ಸಂಗತಿ. 2020ರ ಅಕ್ಟೋಬರ್ 12, ಸೋಮವಾರ. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬೈ, ಥಾಣೆ, ನವಿ ಮುಂಬೈ ಎಲ್ಲ ಕಡೆ ಒಮ್ಮೆಲೇ ಕರೆಂಟ್ ಹೋಯಿತು. ಲೋಕಲ್‌ಗಳು ನಿಂತಲ್ಲೇ ನಿಂತವು. ಕೋವಿಡ್ ಕಾಲ, ಆಸ್ಪತ್ರೆಗಳದ್ದೇ ಎಲ್ಲರಿಗೂ ಚಿಂತೆ. ನಮ್ಮ ಕಸ್ಟಮರ್‌ಗಳ ಸ್ಟೋರೇಜ್‌ಗಳು ಯುಪಿಎಸ್, ಜನರೇಟರ್ ಮೇಲೆ ಉಳಿದುಕೊಂಡವು. ಆಮೇಲೆ ಒಂದೊಂದರ ಲಾಗ್ ಇಳಿಸಿ ಓದಿದೆ. ಅಂಧೇರಿಯ ಒಂದು ಚಿಕ್ಕ ಸರ್ವರ್ ರೂಮಿನ ಡಬ್ಬದಲ್ಲಿ ಎರಡು ಪವರ್ ಸಪ್ಲೈ ಇವೆ. ಒಂದು ಯುಪಿಎಸ್‌ಗೆ, ಇನ್ನೊಂದು ಬೇರೆ ಯುಪಿಎಸ್‌ಗೆ ಅಂತ ನಕ್ಷೆಯಲ್ಲಿ ಇದೆ. ಲಾಗ್‌ನಲ್ಲಿ ಎರಡೂ ಪವರ್ ಸಪ್ಲೈಗಳ ಇನ್‌ಪುಟ್ ಒಂದೇ ಸೆಕೆಂಡಿನಲ್ಲಿ ಏರುಪೇರಾಗಿತ್ತು, ಒಂದೇ ಸೆಕೆಂಡಿನಲ್ಲಿ ಸರಿಯಾಗಿತ್ತು. ಬರೀ ಎಚ್ಚರಿಕೆ ಮಟ್ಟ, ಅದೂ ತಾನಾಗಿ ಮುಚ್ಚಿಹೋದದ್ದು. ಎರಡು ಬೇರೆ ಯುಪಿಎಸ್ ಆಗಿದ್ದರೆ ಇಷ್ಟು ಕೂಡಿಕೊಂಡು ಬರುವುದು ಹೇಗೆ ಅಲ್ವಾ? ಹೋಗಿ ನೋಡಿಸಿದರೆ, ಯಾವಾಗಲೋ ಯಾರೋ ಎರಡೂ ಪ್ಲಗ್‌ಗಳನ್ನು ಒಂದೇ ಪವರ್ ಸ್ಟ್ರಿಪ್‌ಗೆ ಚುಚ್ಚಿದ್ದರು. ಆ ಒಂದು ಯುಪಿಎಸ್ ಕೈಕೊಟ್ಟಿದ್ದರೆ ಪೂರ್ತಿ ಡಬ್ಬ ಮಲಗುತ್ತಿತ್ತು.

ಈಗ ಲಾಗ್ ಉಳಿಸಿಕೊಳ್ಳುವ ವಿಷಯ. ಇದರ ಬಗ್ಗೆ ನನಗೆ ಸಿಟ್ಟೇ ಬರುತ್ತದೆ. ಡಬ್ಬದ ಒಳಗಿನ ಲಾಗ್‌ಗೆ ಜಾಗ ಕಮ್ಮಿ. ಇ-ಸೀರೀಸ್‌ನಲ್ಲಿ ಸುಮಾರು 8,000 ಇವೆಂಟ್, ಅದು ತುಂಬಿದರೆ ಹಳೆಯದರ ಮೇಲೆ ಹೊಸದು. ಅಷ್ಟು ಸಾಕಲ್ಲ ಅನ್ನಿಸಬಹುದು. ಆದರೆ ಒಂದು ಫೈಬರ್ ಪೋರ್ಟ್ ಹೋಗಿ ಬಂದು ಮಾಡತೊಡಗಿದರೆ ಪ್ರತಿ ಸಲವೂ ಹಲವು ಸಾಲು ಬೀಳುತ್ತವೆ. ಒಂದು ರಾತ್ರಿಯಲ್ಲಿ ಲಾಗ್ ತುಂಬಿ, ತೊಂದರೆಯ ಮೊದಲ ಸಾಲೇ ಕೊಚ್ಚಿಹೋಗಬಹುದು. ಬೆಳಿಗ್ಗೆ ಬಂದು ನೋಡಿದರೆ ಬರೀ ಪರಿಣಾಮ ಕಾಣುತ್ತದೆ, ಕಾರಣ ಇಲ್ಲ. ಇದಕ್ಕಿಂತ ಕೆಟ್ಟದ್ದು ಲಾಗ್ ಅಳಿಸುವ ಬಟನ್. ಅಂಬರ್ ದೀಪ ಆರಲಿ ಅಂತ ಯಾರೋ ಅದನ್ನು ಒತ್ತಿಬಿಡುತ್ತಾರೆ. ಮೊದಲು ಸಪೋರ್ಟ್ ಬಂಡಲ್ (ಎಲ್ಲ ಲಾಗ್‌ಗಳ ಕಟ್ಟು) ಇಳಿಸಿ. ಡಿಸ್ಕ್ ಎಳೆಯುವ ಮೊದಲು, ರೀಬೂಟ್ ಮಾಡುವ ಮೊದಲು, ಏನನ್ನೂ ಮುಟ್ಟುವ ಮೊದಲು ಇಳಿಸಿ.

ಆಮೇಲೆ ಸಿಸ್‌ಲಾಗ್ ಸರ್ವರ್‌ಗೆ ಕಳಿಸುವ ಏರ್ಪಾಡು. ಸಾಮಾನ್ಯವಾಗಿ ಯುಡಿಪಿ 514ನೇ ಪೋರ್ಟ್. ಯುಡಿಪಿಯಲ್ಲಿ ಕಳಿಸಿದ್ದು ತಲುಪಿತಾ ಅಂತ ಯಾರೂ ಕೇಳುವುದಿಲ್ಲ, ನೆಟ್‌ವರ್ಕ್ ತಡವರಿಸಿದಾಗ ಸಾಲುಗಳು ದಾರಿಯಲ್ಲೇ ಬಿದ್ದುಹೋಗುತ್ತವೆ. ಡಬ್ಬದಲ್ಲಿ, ತಲುಪಿತಾ ಅಂತ ನೋಡಿಕೊಳ್ಳುವ ಟಿಸಿಪಿ ಸೌಲಭ್ಯ ಇದ್ದರೆ ಅದನ್ನೇ ಹಾಕಿ. ಇನ್ನೊಂದು, ಆ ಸಿಸ್‌ಲಾಗ್ ಸರ್ವರ್‌ನ ಡಿಸ್ಕ್ ಎಲ್ಲಿದೆ ಅಂತ ಒಮ್ಮೆ ನೋಡಿ. ಅದೂ ಒಂದು ವರ್ಚುವಲ್ ಮಷಿನ್, ಅದರ ಡಿಸ್ಕ್ ಇರುವುದು ಇದೇ ಸ್ಟೋರೇಜ್ ಮೇಲೆ! ಸ್ಟೋರೇಜ್ ಬಿದ್ದ ದಿನ ಅದರ ಲಾಗ್ ಓದಲು ಅದೇ ಸ್ಟೋರೇಜ್ ಏಳುವವರೆಗೆ ಕಾಯಬೇಕು. ಇಂಥದ್ದು ಒಂದೇ ಕಡೆ ನೋಡಿದ್ದಲ್ಲ ನಾನು.

ಕಾನೂನಿನ ಮಾತೂ ಇದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಸಿಸ್ಟಮ್‌ಗಳ ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಭಾರತದೊಳಗೆ ಇಡಬೇಕು ಅಂತ ಇದೆ. ಗಡಿಯಾರಗಳನ್ನು ಸರ್ಕಾರಿ ಸಂಸ್ಥೆಗಳಾದ ಎನ್‌ಐಸಿ ಇಲ್ಲವೇ ಎನ್‌ಪಿಎಲ್‌ನ, ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್‌ಗಳಿಗೆ, ಅಥವಾ ಅವಕ್ಕೆ ಹೊಂದಿಕೊಂಡ ಸರ್ವರ್‌ಗಳಿಗೆ ಜೋಡಿಸಬೇಕು ಅಂತಲೂ ಇದೆ. ಅನೇಕರು ಇದನ್ನು ಆಡಿಟ್‌ಗೆ ಮಾಡುವ ಕೆಲಸ ಅಂದುಕೊಂಡಿದ್ದಾರೆ. ಆದರೆ ಎರಡು ಕಂಟ್ರೋಲರ್, ಫೈಬರ್ ಸ್ವಿಚ್, ಸರ್ವರ್ ನಾಲ್ಕರ ಲಾಗ್‌ನ್ನೂ ಪಕ್ಕಪಕ್ಕ ಇಟ್ಟುಕೊಂಡು ಯಾವುದು ಮೊದಲು ಆಯಿತು ಅಂತ ಒಮ್ಮೆ ಹುಡುಕಿ ನೋಡಿ. ಗಡಿಯಾರ ಸರಿಯಿದ್ದರೆ ಹತ್ತು ನಿಮಿಷದ ಕೆಲಸ. ಇಲ್ಲದಿದ್ದರೆ ಇಡೀ ದಿನ ಹೋಗುತ್ತದೆ.

ಹೌದು, ಸರ್ವರ್ ಕಡೆಯ ಲಾಗ್ ಬಿಟ್ಟು ಸ್ಟೋರೇಜ್ ಲಾಗ್ ಮಾತ್ರ ಓದಿದರೆ ಅರ್ಧ ಓದಿದ ಹಾಗೆ. ಲಿನಕ್ಸ್‌ನಲ್ಲಿ, ಸ್ಟೋರೇಜ್‌ಗೆ ಹೋಗುವ ಹಲವು ದಾರಿಗಳನ್ನು ನೋಡಿಕೊಳ್ಳುವ ಮಲ್ಟಿಪಾತ್ ತನ್ನ ಸಾಲಿನಲ್ಲಿ ಉಳಿದಿರುವ ದಾರಿ ಎಷ್ಟು ಅಂತ ಬರೆಯುತ್ತದೆ. ನಾಲ್ಕಿದ್ದದ್ದು ಮೂರಾದಾಗ ಯಾರಿಗೂ ಗೊತ್ತಾಗುವುದಿಲ್ಲ, ಕೆಲಸ ನಡೆಯುತ್ತಲೇ ಇರುತ್ತದೆ. ಒಂದಕ್ಕೆ ಇಳಿದಾಗಲೂ ನಡೆಯುತ್ತಿರುತ್ತದೆ. ಸ್ಟೋರೇಜ್ ಕಡೆ ಏನೂ ಕಾಣದೆ ಇರಬಹುದು, ಯಾಕೆಂದರೆ ಕೆಟ್ಟಿರುವುದು ಸರ್ವರ್‌ನ ಕಾರ್ಡ್.

ನಮ್ಮ ತಂಡದಲ್ಲಿ ಈಗ ಶಿಫ್ಟ್ ಬದಲಾಗುವಾಗ, ಬೆಳಿಗ್ಗೆ ಬರುವವರು ರಾತ್ರಿ ಇದ್ದವರ ಪಕ್ಕ ಕೂತು ಎಚ್ಚರಿಕೆ ಮತ್ತು ಮಾಹಿತಿ ಸಾಲುಗಳನ್ನು ಒಟ್ಟಿಗೆ ಓದುತ್ತಾರೆ. ಕೆಂಪು ಸಾಲು ಇದ್ದರೆ ಅದರಿಂದ ಹಿಂದಕ್ಕೆ ಹೋಗಿ, ಅದೇ ಭಾಗದ ಹೆಸರು ಮೊದಲ ಸಲ ಎಲ್ಲಿ ಬಂದಿದೆ ಅಂತ ಹುಡುಕಿ, ಆ ಸಾಲಿನ ಕ್ರಮಸಂಖ್ಯೆಯನ್ನು ಟಿಕೆಟ್‌ನಲ್ಲಿ ಬರೆಯಬೇಕು. ಗೋಕಾಕದ ಹುಡುಗನೇ ಹೊಸಬರಿಗೆ ಹೇಳಿಕೊಡುತ್ತಾನೆ. ಸಪೋರ್ಟ್‌ಗೆ ಫೋನ್ ಮಾಡಿದಾಗ ಇಂಥ ಸಂಖ್ಯೆಯ ಸಾಲಿನಿಂದ ಶುರು, ಬಿ ಕಡೆ ಮಾತ್ರ, ಮೀಡಿಯಂ ಎರರ್ ಇಲ್ಲ ಅಂತ ಅವನು ಹೇಳುತ್ತಾನೆ. ಆ ಕಡೆಯವರೂ ಡಿಸ್ಕ್ ಕಳಿಸುತ್ತೇವೆ ಅನ್ನುವುದಿಲ್ಲ, ನೇರ ಕೇಬಲ್ ಪಾರ್ಟ್ ನಂಬರ್ ಕೇಳುತ್ತಾರೆ.

ನಿಮಗೂ ಅರ್ಥವಾಗದ ಸಾಲು ಸಿಕ್ಕಿದ್ದರೆ ಕಳಿಸಿ, ಒಟ್ಟಿಗೆ ನೋಡೋಣ. ಕಸ್ಟಮರ್ ಹೆಸರು, ಐಪಿ, ಸೀರಿಯಲ್ ನಂಬರ್ ತೆಗೆದು ಕಳಿಸಿ. ಆ ಒಂದು ಸಾಲು ಮಾತ್ರ ಬೇಡ, ಅದಕ್ಕಿಂತ ಹಿಂದಿನ ಐವತ್ತು ಸಾಲೂ ಬೇಕು.